ಮಳೆಗೆ ಮುಂಚೆ ಒಮ್ಮೆ ವ್ಯಾನಿನ ಕೆಳಗೆ ಮಲಗಿ ನೋಡಿ

ಹಳೆಯ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಲು, ಅಡುಗೆ ಮಾಡಲು ಜಾಗ ಮಾಡಿಸಿದ ಗಾಡಿ, ಇಟ್ಟುಕೊಂಡವರು ಪ್ರಶ್ನೆ ಕಳಿಸಿ ಎಂದು ಹೋದ ತಿಂಗಳು ಕೇಳಿದ್ದೆವು. ಮುಂಬೈ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತುಕ್ಕಿನ ಬಗ್ಗೆಯೇ ಇದ್ದವು. ಜೂನ್ ಎರಡನೇ ವಾರದ ಹೊತ್ತಿಗೆ ಮುಂಬೈಗೆ ಮಳೆ ಬರುತ್ತದೆ, ಗೋವಾಕ್ಕೆ ಇನ್ನೂ ಮುಂಚೆ. ಹಾಗಾಗಿ ಈ ಸಲದ ಪುಟವೆಲ್ಲ ತುಕ್ಕಿಗೇ.

ಪ್ರಶ್ನೆ: ನಮಸ್ಕಾರ ಸರ್. ನಾವು ವರ್ಸೋವಾದಲ್ಲಿದ್ದೇವೆ, ಸಮುದ್ರದಿಂದ ಎರಡೇ ಬಿಲ್ಡಿಂಗ್ ಹಿಂದೆ. 2009ರ ಟೆಂಪೋ ಟ್ರಾವೆಲರ್ ತೆಗೆದುಕೊಂಡು ಒಳಗೆ ಮಂಚ, ಸಿಂಕ್, ಒಲೆ ಎಲ್ಲ ಮಾಡಿಸಿದ್ದೇವೆ. ಈಗ ಪಕ್ಕದ ಬಾಗಿಲಿನ ಕೆಳಗೆ ಮತ್ತು ಹಿಂದಿನ ಚಕ್ರದ ಹತ್ತಿರ ಬಣ್ಣ ಉಬ್ಬಿ ಗುಳ್ಳೆ ಬಂದಿದೆ. ಮಳೆಗೆ ಮುಂಚೆ ಅಡಿಗೆಲ್ಲ ಆಂಟಿ ರಸ್ಟ್ ಕೋಟಿಂಗ್ ಹೊಡೆಸಿಬಿಡಿ, ಒಂದೇ ದಿನದ ಕೆಲಸ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಹೊಡೆಸಲಾ? (ವರ್ಸೋವಾ, ಮುಂಬೈ)

ಉತ್ತರ: ಈಗಲೇ ಬೇಡ. ಕೋಟಿಂಗ್ ಕೊನೆಯ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದದ್ದು ಬಹಳ ಇದೆ, ಒಂದು ದಿನದಲ್ಲಿ ಮುಗಿಯುವಂಥದ್ದಂತೂ ಅಲ್ಲ.

ಬಾಗಿಲಿನ ಕೆಳಗಿನಂಥ ಜಾಗದಲ್ಲಿ ಗುಳ್ಳೆ ಕಂಡಿದೆ ಅಂದರೆ, ತುಕ್ಕು ಹೆಚ್ಚಿನ ಸಲ ಒಳಗಿಂದ ತಿಂದುಕೊಂಡು ಬಂದಿರುತ್ತದೆ. ಕಬ್ಬಿಣ ತುಕ್ಕಾದರೆ ಅದಕ್ಕೆ ಮೊದಲಿಗಿಂತ ಹಲವು ಪಟ್ಟು ಜಾಗ ಬೇಕು, ಆ ಒತ್ತಡಕ್ಕೇ ಬಣ್ಣ ಏಳುವುದು. ಬಾಡಿಯ ತಗಡು, ಇಲ್ಲಿಯ ಗ್ಯಾರೇಜಿನವರು ಪತ್ರಾ ಅನ್ನುತ್ತಾರಲ್ಲ, ಅದರ ದಪ್ಪವೇ ಒಂದು ಮಿಲಿಮೀಟರ್ ಆಸುಪಾಸು. ಒಳಗೆ ಶುರುವಾದದ್ದು ಹೊರಗೆ ಬರಲು ಜಾಸ್ತಿ ದೂರವೇನಿಲ್ಲ. ಇಂಥ ತಗಡಿಗೆ ಕೆಳಗಿಂದ ದಪ್ಪ ಕಪ್ಪು ರಬ್ಬರ್ ಕೋಟಿಂಗ್ ಬಳಿದರೆ, ತುಕ್ಕಿನ ಪುಡಿಯಲ್ಲಿ ಕೂತ ಉಪ್ಪು ಮತ್ತು ತೇವದ ಮೇಲೆ ಮುಚ್ಚಳ ಹಾಕಿದ ಹಾಗೆ. ಆಮೇಲೆ ಒಂದು ಕಲ್ಲು ಸಿಡಿದು ಕೋಟಿಂಗ್ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ, ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಹಳೆಯ ಮ್ಯಾಟಡೋರ್‌ಗೆ ಹೀಗೇ ಒಂದೇ ದಿನದಲ್ಲಿ ಕೋಟಿಂಗ್ ಮಾಡಿಸಿದ್ದೆ. ಕೆಳಗೆ ನೋಡಿದರೆ ಹೊಸ ಗಾಡಿಯ ಹಾಗೆ ಕಾಣುತ್ತಿತ್ತು, ಎರಡು ಮಳೆಗಾಲ ನಾನು ಬಗ್ಗಿ ನೋಡಲೂ ಹೋಗಲಿಲ್ಲ. ಮೂರನೇ ಮಳೆಗಾಲ ಮುಗಿದ ಮೇಲೆ ಒಂದು ದಿನ ಹಿಂದೆ ಕಾಲಿಟ್ಟಾಗ ನೆಲ ಮೆತ್ತಗೆ ಕುಸಿಯಿತು. ಕೆಳಗೆ ಮಲಗಿ ಕೋಟಿಂಗಿನ ಅಂಚು ಹಿಡಿದು ಎಳೆದರೆ ಅಂಗೈಯಗಲದ ತಗಡು ಸುಟ್ಟ ಹಪ್ಪಳದ ಹಾಗೆ ಅದರ ಜೊತೆಗೇ ಬಂತು. ಕೋಟಿಂಗ್ ಮಾತ್ರ ಚೆನ್ನಾಗಿಯೇ ಇತ್ತು.

ನೀವಿರುವ ಜಾಗದಲ್ಲಿ ಇನ್ನೊಂದು ವಿಷಯ ಇದೆ. ತುಕ್ಕು ಹಿಡಿಯುವುದು ಅಂದರೆ ಸಣ್ಣ ಬ್ಯಾಟರಿ ಕೆಲಸ ಮಾಡಿದ ಹಾಗೆ. ನೀರಿನಲ್ಲಿ ಉಪ್ಪು ಇದ್ದರೆ ಕರೆಂಟ್ ಸುಲಭವಾಗಿ ಹರಿಯುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬದಲ್ಲಿ ಉಪ್ಪು ನೀರೊಡೆಯುವುದನ್ನು ನೋಡಿರುತ್ತೀರಿ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಅದಕ್ಕಿಂತ ಎಷ್ಟೋ ಕಡಿಮೆ ತೇವದಲ್ಲೂ ಒದ್ದೆಯಾಗುತ್ತದೆ. ಅಂದರೆ ಮಳೆ ಬೀಳದಿದ್ದರೂ, ಗಾಡಿ ಶೆಡ್ಡಿನೊಳಗೆ ನಿಂತಿದ್ದರೂ, ಅಡಿಯ ಸಂದಿಯಲ್ಲಿ ಕೂತ ಉಪ್ಪು ಒದ್ದೆಯಾಗಿಯೇ ಇರುತ್ತದೆ. ಮಳೆ ತೊಳೆಯುವುದು ಮೇಲಿನ ಬಾಡಿಯನ್ನು ಮಾತ್ರ. ಅಡಿಯನ್ನು ನಾವೇ ತೊಳೆಯಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ದಯವಿಟ್ಟು ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಇರಲಿ ಅಥವಾ ವಾಷಿಂಗ್ ಸೆಂಟರಿನ ರ‍್ಯಾಂಪ್ ಮೇಲೆ ನೋಡಿ. ಗುಳ್ಳೆ ಇರುವ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ಚಕ್ರದ ಕಮಾನು, ಮೆಟ್ಟಿಲು, ಇಲ್ಲೆಲ್ಲ ಹಳೆಯ ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಒತ್ತಿ, ಅದರ ಹಿಡಿಯಿಂದ ಬಡಿಯಿರಿ. ಒಳ್ಳೆ ತಗಡು ಟಣ್ ಅನ್ನುತ್ತದೆ. ಹೋದ ತಗಡು ಡಬ್ ಅನ್ನುತ್ತದೆ, ಇಲ್ಲವೇ ತುದಿ ಒಳಗೇ ಹೋಗುತ್ತದೆ. ತೂತು ಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ನೀವು ಮಾಡಿದ ತೂತಲ್ಲ.

ಆಮೇಲೆ ನೀರು ಹೊರಗೆ ಹೋಗುವ ತೂತುಗಳು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪ್ರತಿ ಬಾಗಿಲಿನ ಕೆಳಗಿನ ಅಂಚಿನಲ್ಲಿ, ಬಾಗಿಲ ಕೆಳಗಿನ ಪೆಟ್ಟಿಗೆಯ ಅಡಿಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಎಲ್ಲ ಗಾಡಿಯಲ್ಲೂ ಇರುವುದೇ, ಅದು ಹೊರಗೆ ಹೋಗಲಿ ಎಂದೇ ಆ ತೂತುಗಳನ್ನು ಕೊಟ್ಟಿರುವುದು. ಮಣ್ಣು, ಎಲೆ, ಹಳೆಯ ಬಣ್ಣ, ಕೆಲವೊಮ್ಮೆ ಇದೇ ಕೋಟಿಂಗ್ ಅವನ್ನು ಮುಚ್ಚಿಬಿಡುತ್ತದೆ. ಸೈಕಲ್ ಸ್ಪೋಕ್ ತೆಗೆದುಕೊಂಡು ಒಂದೊಂದನ್ನೂ ಬಿಡಿಸಿ. ಗಾಜಿನ ಸಂದಿಯಲ್ಲಿ ಒಂದು ಚೊಂಬು ನೀರು ಸುರಿದು ನೋಡಿ, ಕೆಳಗಿಂದ ಕೂಡಲೇ ಬರಬೇಕು. ಬಂದ ನೀರು ಕೆಂಪಗಿದ್ದರೆ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ ಅಲ್ವಾ.

ನಂತರ ಅಡಿಯನ್ನು ಸಿಹಿನೀರಿನಿಂದ ತೊಳೆಯಿರಿ. ಸೊಸೈಟಿಯ ಬೋರ್‌ವೆಲ್ ನೀರು ಬೇಡ, ಸಮುದ್ರದ ಹತ್ತಿರದ ಬೋರ್‌ವೆಲ್‌ಗಳ ನೀರು ಎಷ್ಟೋ ಕಡೆ ಉಪ್ಪಾಗಿರುತ್ತದೆ, ಬಾಯಿಗೆ ಒಂದು ಹನಿ ಹಾಕಿಕೊಂಡರೆ ತಿಳಿಯುತ್ತದೆ. ವಾಷಿಂಗ್ ಸೆಂಟರಿನಲ್ಲಿ ತೊಳೆಸಿದರೆ ಕೊನೆಗೆ ಕೆಳಗೆ ಡೀಸೆಲ್ ಹೊಡೆಯಬೇಡಿ ಎಂದು ಮೊದಲೇ ಹೇಳಿಬಿಡಿ. ಅದು ಚಕ್ರದ ಜೋಡಣೆಗಳಲ್ಲಿರುವ ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ. ತೊಳೆದ ಮೇಲೆ ಎರಡು ಮೂರು ದಿನ ಬಿಸಿಲಲ್ಲಿ ಪೂರ್ತಿ ಒಣಗಲಿ. ಮೇ ತಿಂಗಳ ಬಿಸಿಲು ಇರುವುದು ಇದಕ್ಕೇ ಅಂದುಕೊಳ್ಳಿ. ಜುಲೈನಲ್ಲಿ ಈ ಕೆಲಸ ಮಾಡಿಸಿದರೆ ದುಡ್ಡು ಹೋದ ಹಾಗೆಯೇ.

ಒಣಗಿದ ಮೇಲೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತುಕ್ಕನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ತೆಗೆಸಿ. ಕಣ್ಣಿಗೆ ಕನ್ನಡಕ ಇರಲೇಬೇಕು. ತೂತಾದ ಕಡೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತಗಡು ಕೂರಿಸಬೇಕು. ತೆಳು ತಗಡಿಗೆ ಸಿಓಟೂ ವೆಲ್ಡಿಂಗ್, ಅಂದರೆ ತೆಳು ತಂತಿ ಮತ್ತು ಗ್ಯಾಸ್ ಬಳಸಿ ಮಾಡುವಂಥದ್ದು, ಒಳ್ಳೆಯದು, ರಾಡ್ ಇಟ್ಟು ಮಾಡುವ ಆರ್ಕ್ ವೆಲ್ಡಿಂಗ್‌ನಲ್ಲಿ ಅದು ಸುಟ್ಟು ತೂತು ದೊಡ್ಡದಾಗುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ವೈರ್ ಬಿಚ್ಚಿ, ಗ್ಯಾಸ್ ಸಿಲಿಂಡರ್ ಕೆಳಗಿಳಿಸಿ, ಆ ಜಾಗದ ಪ್ಲೈವುಡ್ ಮತ್ತು ಫೋಮ್ ತೆಗೆಸಿ. ಕ್ಯಾಂಪರ್ ವ್ಯಾನಿಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು.

ತೂತಿಗೆ ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆಯುತ್ತೇವೆ ಎಂದರೆ ಒಪ್ಪಬೇಡಿ. ಪುಟ್ಟಿ ನೀರು ಹೀರುತ್ತದೆ. ಮೊದಲು ಕಬ್ಬಿಣಕ್ಕೆ ಎರಡು ಡಬ್ಬದ ಎಪಾಕ್ಸಿ ಪ್ರೈಮರ್, ಅಂದರೆ ಹಾರ್ಡನರ್ ಬೆರೆಸುವಂಥದ್ದು, ಹೊಡೆದು ಅದರ ಮೇಲೆ ಬೇಕಿದ್ದರೆ ತೆಳುವಾಗಿ ಪುಟ್ಟಿ ಬರಬೇಕು. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಆದರೆ ಅದೊಂದನ್ನೇ ಹೊಡೆದು ಬಿಟ್ಟರೆ ಸಮುದ್ರದ ಗಾಳಿಯಲ್ಲಿ ನಿಲ್ಲುವುದಿಲ್ಲ. ಉಜ್ಜಲು ಆಗದ ಮೂಲೆಗಳಿಗೆ ರಸ್ಟ್ ಕನ್ವರ್ಟರ್ ಹಾಕಬಹುದು. ಅದರಲ್ಲಿ ಹೆಚ್ಚಾಗಿ ಫಾಸ್ಫಾರಿಕ್ ಆಸಿಡ್ ಇರುತ್ತದೆ, ಅದು ತುಕ್ಕನ್ನು ಕಪ್ಪು ಪದರ ಮಾಡುತ್ತದೆ. ಆದರೆ ಆಸಿಡ್ ಉಳಿದ ಜಾಗದ ಮೇಲೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಎರಡೂ ಡಬ್ಬದ ಮೇಲೆ ಬರೆದದ್ದನ್ನು ಓದಿಯೇ ಮುಂದುವರಿಯಿರಿ.

ಇಷ್ಟಾದ ಮೇಲೆ ಜೋಡಣೆಯ ಗೆರೆಗಳಿಗೆ ಸೀಲೆಂಟ್, ಮೇಲೆ ಬಣ್ಣ, ಬಾಗಿಲು ಮತ್ತು ಪೆಟ್ಟಿಗೆಯ ಒಳಗೆ ಉದ್ದ ಕೊಳವೆಯಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ. ಕೊನೆಗೆ ಅಡಿಗೆ ಕೋಟಿಂಗ್. ನನ್ನ ಆಯ್ಕೆ ಗಟ್ಟಿ ರಬ್ಬರ್ ಅಲ್ಲ, ಮೆತ್ತಗೇ ಉಳಿಯುವ ವ್ಯಾಕ್ಸ್ ಅಥವಾ ಲ್ಯಾನೊಲಿನ್. ಲ್ಯಾನೊಲಿನ್ ಅಂದರೆ ಕುರಿ ಉಣ್ಣೆಯ ಜಿಡ್ಡು, ಊರಿನ ಕರಿ ಕಂಬಳಿಯ ಮೇಲೆ ಮಳೆ ಹನಿ ಜಾರಿ ಹೋಗುತ್ತದಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ಜಿಡ್ಡು. ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕಾಗುತ್ತದೆ. ಆದರೆ ಆ ನೆಪದಲ್ಲಾದರೂ ವರ್ಷಕ್ಕೊಮ್ಮೆ ಕೆಳಗೆ ನೋಡುತ್ತೇವೆ, ಏನಾದರೂ ಶುರುವಾಗಿದ್ದರೆ ಕಾಣುತ್ತದೆ. ಯಾವುದೇ ಕೋಟಿಂಗ್ ಆಗಲಿ, ಮುಗಿದ ಮೇಲೆ ಸ್ಪೋಕ್ ಹಿಡಿದು ಆ ತೂತುಗಳನ್ನೆಲ್ಲ ಮತ್ತೊಮ್ಮೆ ಬಿಡಿಸಿ.

ಪ್ರಶ್ನೆ: ಹಳೇ ಇಂಜಿನ್ ಆಯಿಲ್ ಬಳಿದರೆ ಸಾಕು, ತುಕ್ಕು ಹತ್ತಿರ ಬರುವುದಿಲ್ಲ ಎನ್ನುತ್ತಾರೆ. ನಿಜವಾ? (ಮುಲುಂಡ್)

ಉತ್ತರ: ಸ್ವಲ್ಪ ದಿನ ನೀರು ತಡೆಯುವುದು ನಿಜ. ಆದರೆ ಬಳಸಿದ ಆಯಿಲ್‌ನಲ್ಲಿ ಆಸಿಡ್ ಅಂಶ ಮತ್ತು ಲೋಹದ ಪುಡಿ ಇರುತ್ತದೆ, ರಬ್ಬರ್ ಬುಷ್‌ಗಳು ಊದಿ ಹಾಳಾಗುತ್ತವೆ, ಬ್ರೇಕ್ ಮೇಲೆ ಹನಿದರೆ ಅಪಾಯ, ಮೊದಲ ಮಳೆಗೇ ತೊಳೆದು ಗಟಾರಕ್ಕೆ ಹೋಗುತ್ತದೆ. ಬೇಡ.

ಪ್ರಶ್ನೆ: ಸರ್, ನಮ್ಮದು ವಾಸ್ಕೊ. ಅಪ್ಪ ಕಾರವಾರದಲ್ಲಿದ್ದಾಗ ದೋಣಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುತ್ತಿದ್ದರು, ಮರ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದನ್ನೇ ವ್ಯಾನಿನ ಚಾಸಿಸ್‌ಗೆ ಬಳಿಯಬಹುದಾ? ಗಾಡಿ ವಾರಕ್ಕೆರಡು ಸಲ ಫೆರಿ ಮೇಲೂ ಹೋಗುತ್ತದೆ, ಮಕ್ಕಳ ಆಸೆಗೆ ಒಮ್ಮೊಮ್ಮೆ ಬೀಚಿನ ಮರಳಿಗೂ ಇಳಿಸುತ್ತೇನೆ. (ವಾಸ್ಕೊ, ಗೋವಾ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ನಮ್ಮ ಕರಾವಳಿಯಲ್ಲಿ ದೋಣಿಗೆ ಗೇರೆಣ್ಣೆ, ಮೀನೆಣ್ಣೆ ಬಳಿಯುತ್ತಿದ್ದದ್ದು ಅನುಭವದಿಂದ ಬಂದ ಜಾಣತನ. ಆದರೆ ಅದು ಮರಕ್ಕೆ. ಹಸಿ ಗೇರೆಣ್ಣೆಯಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಸಿಡ್, ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಮರ ಅದನ್ನು ಹೀರಿಕೊಳ್ಳುತ್ತದೆ, ಕಬ್ಬಿಣ ಹೀರುವುದಿಲ್ಲ. ಹಾಗಾಗಿ ಚಾಸಿಸ್‌ಗೆ ಬೇಡ.

ಹಾಗೆಂದು ಗೇರೆಣ್ಣೆಗೂ ಕಬ್ಬಿಣಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಅದನ್ನು ಕಾಯಿಸಿ ಶುದ್ಧ ಮಾಡಿದಾಗ ಸಿಗುವ ಕಾರ್ಡನಾಲ್‌ನಿಂದ ಎಪಾಕ್ಸಿ ಪೇಂಟಿನ ಹಾರ್ಡನರ್ ತಯಾರಿಸುತ್ತಾರೆ. ಫೆನಾಲ್ಕಮೈನ್ ಎಂದು ಅದರ ಹೆಸರು. ತೇವ ಇರುವ, ತಣ್ಣಗಿರುವ ಜಾಗದಲ್ಲೂ ಚೆನ್ನಾಗಿ ಗಟ್ಟಿಯಾಗುವುದರಿಂದ ಹಡಗಿನ ಪೇಂಟುಗಳಲ್ಲಿ ಅದನ್ನು ಬಳಸುತ್ತಾರೆ. ವಾಸ್ಕೊದಲ್ಲಿ ಬಂದರಿದೆ, ಹಡಗು ಕಟ್ಟುವ ಕೆಲಸ ಇದೆ, ಮರೀನ್ ಪೇಂಟ್ ಮಾರುವವರನ್ನು ಹುಡುಕಿ ಮರೀನ್ ಎಪಾಕ್ಸಿ ಪ್ರೈಮರ್ ಕೇಳಿ. ಅಪ್ಪನ ಎಣ್ಣೆಯೇ ಬೇರೆ ರೂಪದಲ್ಲಿ ನಿಮ್ಮ ಗಾಡಿಗೆ ಬರಬಹುದು.

ಫೆರಿ ಬಗ್ಗೆ. ಮಾಂಡವಿ, ಜುವಾರಿ ಎರಡೂ ನದಿಗಳಲ್ಲಿ ಭರತದ ನೀರು ಬಹಳ ಒಳಗಿನವರೆಗೆ ಬರುತ್ತದೆ, ಬೇಸಿಗೆಯಲ್ಲಿ ಅದು ಸಮುದ್ರದ ನೀರಿದ್ದ ಹಾಗೆಯೇ. ಹತ್ತುವಾಗ ಇಳಿಯುವಾಗ ಒದ್ದೆ ರ‍್ಯಾಂಪಿನಿಂದ ಚಕ್ರ ಎರಚುವ ನೀರೆಲ್ಲ ಉಪ್ಪು. ಆ ಸಂಜೆಯೇ ಸಿಹಿನೀರು ಹಾಯಿಸಿ. ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಇದ್ದರೆ ಗಾಡಿಯ ಕೆಳಗಿಟ್ಟು ಹದಿನೈದು ನಿಮಿಷ ಬಿಡಿ, ಆಗಾಗ ಜಾಗ ಬದಲಿಸಿ. ಸೊಂಟ ಬಗ್ಗಿಸದೆ ಆಗುವ ಕೆಲಸ.

ಬೀಚಿಗೆ ಮಾತ್ರ ಇಳಿಸಬೇಡಿ. ಗೋವಾದಲ್ಲಿ ಅದು ಕಾನೂನಿಗೆ ವಿರುದ್ಧ, ಮರಳು ಮತ್ತು ಆಮೆ ಮೊಟ್ಟೆಗಳ ಕಾಳಜಿಯೂ ಅದರಲ್ಲಿದೆ. ಗಾಡಿಗೂ ಒಳ್ಳೆಯದಲ್ಲ. ಒದ್ದೆ ಮರಳು ಸಂದಿಗಳಲ್ಲಿ ತುಂಬಿಕೊಂಡು ತಿಂಗಳುಗಟ್ಟಲೆ ಉಪ್ಪುನೀರನ್ನು ಹಿಡಿದಿಡುತ್ತದೆ. ಮಕ್ಕಳು ನಡೆದುಕೊಂಡು ಹೋಗಲಿ.

ಇನ್ನೊಂದು, ನೀವು ಕೇಳದಿದ್ದರೂ. ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ ಅದರ ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ನೇರವಾಗಿ ತಾಗಿರುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು, ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ನಡುವೆ ನೈಲಾನ್ ವಾಷರ್ ಹಾಕಿಸಿ. ಸ್ಟೇನ್‌ಲೆಸ್ ಸ್ಕ್ರೂ ಕೊಳ್ಳುವಾಗ 316 ದರ್ಜೆಯದ್ದು ಕೇಳಿ, ಸಾಮಾನ್ಯವಾಗಿ ಸಿಗುವ 304 ಸಮುದ್ರದ ಬಳಿ ಕಂದು ಕಲೆ ಹಿಡಿಯುತ್ತದೆ.

ಪ್ರಶ್ನೆ: ನಾವು ನಿಗಡಿಯಲ್ಲಿದ್ದೇವೆ. ಇಲ್ಲಿ ಸಮುದ್ರವಿಲ್ಲ, ಮಳೆಯೂ ಮುಂಬೈಯಷ್ಟಿಲ್ಲ. ಆದರೂ ನಮ್ಮ ಓಮ್ನಿಯ ಮಂಚದ ಕೆಳಗೆ, ಪ್ಲೈವುಡ್ ತೆಗೆದು ನೋಡಿದರೆ ನೆಲವೆಲ್ಲ ಕೆಂಪು. ಚಾವಣಿ ಎಲ್ಲೂ ಸೋರುವುದಿಲ್ಲ. ನೀರು ಎಲ್ಲಿಂದ ಬಂತು ಮೇಡಂ/ಸರ್? (ನಿಗಡಿ, ಪುಣೆ)

ಉತ್ತರ: ನಿಮ್ಮಿಂದಲೇ ಬಂತು. ಅಂದರೆ ಉಸಿರು, ಅಡುಗೆ, ಒದ್ದೆ ಟವೆಲ್. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ, ಅದರ ಮೇಲೆ ಅನ್ನ ಬೇಯಿಸಿದ ಹಬೆ ಬೇರೆ. ರಾತ್ರಿ ಭಂಡಾರದರಾದಲ್ಲೋ ಮಹಾಬಳೇಶ್ವರದಲ್ಲೋ ಕಿಟಕಿ ಮುಚ್ಚಿ ಮಲಗುತ್ತೀರಿ, ಹೊರಗೆ ತಣ್ಣಗಿರುತ್ತದೆ, ಬೆಳಿಗ್ಗೆ ಗಾಜಿನ ಮೇಲೆ ನೀರಿಳಿದಿರುತ್ತದೆ. ಗಾಜಿನ ಮೇಲಿನದ್ದು ಕಾಣುತ್ತದೆ, ಒರೆಸುತ್ತೇವೆ. ಪ್ಲೈವುಡ್ ಹಿಂದಿನ ತಣ್ಣನೆಯ ತಗಡಿನ ಮೇಲೂ ಅಷ್ಟೇ ನೀರು ಇಳಿದು ಕೆಳಗೆ ಸೇರುತ್ತದೆ, ಅದನ್ನು ಯಾರು ಒರೆಸುತ್ತಾರೆ?

ಪ್ಲೈವುಡ್ ಹೊರಗೆ ಬಂದೇ ಇದೆಯಲ್ಲ, ಹಾಗೇ ವಾಪಸ್ ಹಾಕಬೇಡಿ. ನೆಲ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆಸಿ. ಓಮ್ನಿಯಲ್ಲಿ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ, ಹಾಗಾಗಿ ನೆಲದ ತುಕ್ಕನ್ನು ಹಗುರವಾಗಿ ನೋಡಬೇಡಿ. ಗೋಡೆಗೆ ಗ್ಲಾಸ್‌ವೂಲ್ ತುಂಬಿಸಿದ್ದರೆ ತೆಗೆಸಿ, ಅದು ನೀರನ್ನು ಸ್ಪಂಜಿನ ಹಾಗೆ ಹಿಡಿಯುತ್ತದೆ. ನೀರು ಹೀರದ ಫೋಮ್ ಹಾಳೆಯನ್ನು ಗಾಳಿ ನುಸುಳದಂತೆ ತಗಡಿಗೆ ಪೂರ್ತಿ ಅಂಟಿಸಬೇಕು. ಕೆಳಗಿನ ತೂತುಗಳ ಮೇಲೆ ಮಾತ್ರ ಫೋಮ್ ಬರಬಾರದು. ಮಂಚದ ಹಲಗೆಗೆ ತೂತು ಕೊರೆಸಿ, ಹಾಸಿಗೆಯನ್ನು ಹಗಲಲ್ಲಿ ಎತ್ತಿ ನಿಲ್ಲಿಸಿ. ಅಡುಗೆ ಮಾಡುವಾಗ ಬಾಗಿಲು ತೆರೆದಿರಲಿ, ಮಲಗುವಾಗ ಎರಡು ಎದುರು ಕಿಟಕಿ ಬೆರಳಗಲ ತೆರೆದಿರಲಿ. ಇದು ತುಕ್ಕಿಗಿಂತ ನಿಮ್ಮ ಜೀವಕ್ಕೆ ಮುಖ್ಯ, ಮುಚ್ಚಿದ ವ್ಯಾನಿನಲ್ಲಿ ಗ್ಯಾಸ್ ಒಲೆ ಉರಿಸಬಾರದು.

ಮನೆಗೆ ಬಂದ ಮೇಲೆ ಗಾಡಿಗೆ ಪ್ಲಾಸ್ಟಿಕ್ ತಾಡಪತ್ರಿ ಬಿಗಿಯಾಗಿ ಸುತ್ತಿ ಇಡುವವರು ಬಹಳ. ಒಳಗಿನ ತೇವ ಎಲ್ಲಿ ಹೋಗಬೇಕು ಪಾಪ. ಮೇಲೆ ಶೀಟ್, ಸುತ್ತ ಗಾಳಿ, ಅಷ್ಟಿದ್ದರೆ ಒಳ್ಳೆಯದು.

ಪ್ರಶ್ನೆ: ವ್ಯಾನಿನೊಳಗಿನ ಲೈಟು ಮಿಣುಕುತ್ತದೆ, ಹಿಂದಿನ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಂದವಾಗಿ ಉರಿಯುತ್ತದೆ. ಬಲ್ಬ್, ಫ್ಯೂಸ್ ಎಲ್ಲ ಬದಲಿಸಿದೆ. (ಠಾಣೆ)

ಉತ್ತರ: ಅರ್ಥಿಂಗ್ ನೋಡಿ. ಕಪ್ಪು ವೈರನ್ನು ಬಾಡಿಗೆ ಬೋಲ್ಟ್ ಮಾಡಿದ ಜಾಗದಲ್ಲಿ ತುಕ್ಕು ಹಿಡಿದಿರುತ್ತದೆ, ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲದೆ ಬೇರೆ ಬಲ್ಬಿನ ಮೂಲಕ ಹೋಗುತ್ತದೆ. ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಿಂದ ತಗಡು ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿ ಟರ್ಮಿನಲ್‌ಗೂ ಹಾಗೇ. ವ್ಯಾನಿನೊಳಗಿನ ಲೈಟು ಮುಂತಾದವಕ್ಕೆ ಇಟ್ಟ ಬ್ಯಾಟರಿ ಲೆಡ್ ಆಸಿಡ್ ಆಗಿದ್ದರೆ ಅದರ ಕೆಳಗಿನ ತಟ್ಟೆಯನ್ನೂ ಎತ್ತಿ ನೋಡಿ. ಚಾರ್ಜ್ ಆಗುವಾಗ ಆಸಿಡ್ ಹನಿ ಹಾರಿ ಅಲ್ಲಿಯ ಕಬ್ಬಿಣವನ್ನು ತಿನ್ನುತ್ತದೆ. ಹೊರಗೆ ಗಾಳಿ ಹೋಗುವ ಪೆಟ್ಟಿಗೆಯಲ್ಲಿ ಬ್ಯಾಟರಿ ಇಡಿ.

ಪ್ರಶ್ನೆ: ಕಲೀನಾದಲ್ಲಿ 2003ರ ವ್ಯಾನ್ ಒಂದು ಮಾರಾಟಕ್ಕಿದೆ. ಮೊದಲಿನಿಂದ ಒಬ್ಬರದ್ದೇ. ಹೊಸ ಬಣ್ಣ, ಹೊಸ ಕೋಟಿಂಗ್, ನೋಡಲು ಬಹಳ ಚೆನ್ನಾಗಿದೆ. ಎಷ್ಟು ತುಕ್ಕಿದ್ದರೆ ಬಿಟ್ಟುಬಿಡಬೇಕು? (ಪನ್ವೇಲ್)

ಉತ್ತರ: ಹೊಸ ಬಣ್ಣ ಮತ್ತು ಹೊಸ ಕೋಟಿಂಗ್ ಎರಡೂ ಒಟ್ಟಿಗೆ ಇದ್ದರೆ ನಾನು ಎರಡು ಪಟ್ಟು ಹೆಚ್ಚು ಹೊತ್ತು ಹುಡುಕುತ್ತೇನೆ. ಒಂದು ಸಣ್ಣ ಮ್ಯಾಗ್ನೆಟ್ ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಬಾಗಿಲ ಕೆಳಗೆ, ಚಕ್ರದ ಸುತ್ತ ಇಟ್ಟು ನೋಡಿ. ಹಿಡಿಯದಿದ್ದರೆ ಅಲ್ಲಿರುವುದು ಪುಟ್ಟಿ.

2003ರ ಮುಂಬೈ ಗಾಡಿ ಅಂದಮೇಲೆ 2005ರ ಜುಲೈ 26ರಂದು ಅದು ಎಲ್ಲಿತ್ತು ಎಂದು ಕೇಳಲೇಬೇಕು. ಆ ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು, ಕಲೀನಾ, ಕುರ್ಲಾ ಕಡೆ ಗಾಡಿಗಳು ಮುಳುಗಿದ್ದವು. ಮುಳುಗಿದ ಗಾಡಿಯ ಪೆಟ್ಟಿಗೆಗಳೊಳಗೆ ನುಣ್ಣನೆ ಕೆಸರು ಸೇರಿ ಒಣಗಿ ಕೂತಿರುತ್ತದೆ, ಪ್ರತಿ ಮಳೆಗಾಲಕ್ಕೂ ಒದ್ದೆಯಾಗುತ್ತದೆ. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಕೊನೆಯಲ್ಲಿ ಮಣ್ಣಿನ ಗೆರೆ ಇದೆಯಾ ನೋಡಿ.

ಬಾಗಿಲು, ಚಕ್ರದ ಕಮಾನು, ನೆಲದ ಒಂದೆರಡು ಕಡೆ ತುಕ್ಕಿದ್ದರೆ ರಿಪೇರಿ ಆಗುತ್ತದೆ, ಆ ಖರ್ಚು ಕಳೆದು ರೇಟು ಕೇಳಿ. ಆದರೆ ಚಾಸಿಸ್‌ನಲ್ಲಿ ಪದರ ಪದರವಾಗಿ ಏಳುತ್ತಿದ್ದರೆ, ಸ್ಪ್ರಿಂಗ್ ಪಟ್ಟಿ ಸೇರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಇರುವ ಜಾಗ ತಿಂದಿದ್ದರೆ ಬಿಟ್ಟುಬಿಡಿ. ಬ್ರೇಕ್ ಪೈಪುಗಳು ಕಬ್ಬಿಣದವು, ಬೆರಳಿನಿಂದ ಉಜ್ಜಿದರೆ ಚಕ್ಕೆ ಬಂದರೆ ಬದಲಿಸದೆ ಓಡಿಸಲೇಬಾರದು. ಅವು ಬದಲಿಸಲು ಆಗುವಂಥವು, ಅದೊಂದಕ್ಕೇ ಗಾಡಿ ಬಿಡಬೇಕಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಪೈಪನ್ನು ಒಳಗಿಂದಲೂ ತುಕ್ಕು ಹಿಡಿಸುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕಾಗದಪತ್ರವನ್ನೂ ನೋಡಿಕೊಳ್ಳಿ. ಖಾಸಗಿ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ, ಆಮೇಲೆ ಫಾರ್ಮ್ 25 ಕೊಟ್ಟು, ಗಾಡಿ ಪರೀಕ್ಷೆಯಾಗಿ, 5 ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ಈ ಗಾಡಿ ಅದನ್ನು ಈಗಾಗಲೇ ದಾಟಿ ಬಂದಿರಬೇಕು, ಇಲ್ಲದಿದ್ದರೆ ಏಕೆ ಎಂದು ಕೇಳಿ. ರ‍್ಯಾಂಪ್ ಇರುವ ಗ್ಯಾರೇಜಿಗೆ ಒಯ್ದು ಕೆಳಗೆ ನೋಡುತ್ತೇನೆ, ಎರಡು ಕಡೆ ಕೋಟಿಂಗ್ ಕೆರೆದು ನೋಡುತ್ತೇನೆ ಎಂದು ಮಾರುವವರಿಗೆ ಮೊದಲೇ ಹೇಳಿ. ಒಪ್ಪಿದರೆ ಬೆಳಿಗ್ಗೆಯೇ ಹೋಗಿ, ಬೆಳಕು ಚೆನ್ನಾಗಿರುತ್ತದೆ. ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.